ಆಯುಷ್ಯ ಬರೆದುಕೊಂಡು ಹುಟ್ಟುವ ಆವೃತ್ತಿಗಳು

ಗ್ರಂಥಸಂಪಾದನೆಯ ಪಾಠ ಹೇಳುತ್ತ ಬಂದವನಿಗೆ ‘ಆವೃತ್ತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಅಚ್ಚಾದ ಪುಸ್ತಕ. ಮೊದಲನೆಯ ಮುದ್ರಣ, ಎರಡನೆಯ ಮುದ್ರಣ, ಪರಿಷ್ಕೃತ ಆವೃತ್ತಿ ಎಂದು ನಾವು ಎಣಿಸುತ್ತೇವೆ. ಹೊಸದು ಬಂದಿತೆಂದು ಹಳೆಯದನ್ನು ಯಾರೂ ಬಾವಿಗೆ ಎಸೆಯುವುದಿಲ್ಲ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಆ ಪ್ರತಿ ಕೈಗೆ ಸಿಕ್ಕಿದರೆ ಇಂದಿಗೂ ತೆರೆದು ಅರ್ಥ ನೋಡಬಹುದು. ಕಂಪ್ಯೂಟರಿನ ಕೆಲಸದವರೂ ಇದೇ ಮಾತನ್ನು ಬಳಸುತ್ತಾರೆ. ಆದರೆ ಅವರ ಆವೃತ್ತಿಗೆ ನಮ್ಮ ಪುಸ್ತಕಗಳಿಗಿಲ್ಲದ ಒಂದು ವಿಶೇಷವುಂಟು: ಅದು ಹುಟ್ಟುವಾಗಲೇ ಅದರ ಕೊನೆಯ ದಿನ ಯಾವುದೆಂಬುದನ್ನೂ ಹಲವೆಡೆ ಸಾರಿಬಿಟ್ಟಿರುತ್ತಾರೆ. ಹೀಗೆ ಆಯುಷ್ಯ ಬರೆದುಕೊಂಡು ಹುಟ್ಟುವ ಆವೃತ್ತಿಗಳನ್ನು ಕುರಿತು, ಅದರಲ್ಲಿಯೂ ಮೂಲಪಾಠವನ್ನು ಎಲ್ಲರಿಗೂ ತೆರೆದಿಟ್ಟಿರುವ ಮುಕ್ತ ಡೇಟಾಬೇಸುಗಳ ಆವೃತ್ತಿಗಳನ್ನು ಕುರಿತು, ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಾಹಿತ್ಯದ ಮೇಷ್ಟ್ರಿಗೆ ಈ ಗೊಡವೆ ಏಕೆ ಎಂದು ತಾವು ಕೇಳಬಹುದು. ಡೇಟಾಬೇಸ್ ಎಂಬುದನ್ನು ‘ದತ್ತಸಂಚಯ’ ಎಂದು ಪರಿಭಾಷೆ ಮಾಡಿದ್ದಾರೆ. ಮಾತು ಚೆನ್ನಾಗಿದೆ, ಆದರೆ ಕೆಲಸ ಮಾಡುವವರಾರೂ ಹಾಗೆ ಅನ್ನುವುದಿಲ್ಲವಾದ್ದರಿಂದ ನಾನೂ ಡೇಟಾಬೇಸ್ ಎಂದೇ ಕರೆಯುತ್ತೇನೆ. ಅದು ಮಾಹಿತಿಯನ್ನು ಸಾಲು ಸಾಲಾಗಿ, ಅಂಕಣ ಅಂಕಣವಾಗಿ ಬರೆದಿಟ್ಟುಕೊಂಡು, ಕೇಳಿದಾಗ ಬೇಕಾದ ಸಾಲನ್ನು ತೆಗೆದುಕೊಡುವ ಯಂತ್ರದ ಗುಮಾಸ್ತ. ಸರ್ಕಾರದ ‘ಭೂಮಿ’ ಯೋಜನೆಯಲ್ಲಿ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಇಂದು ನಮ್ಮ ಶಿಗ್ಗಾಂವಿ ತಾಲೂಕಿನ ರೈತನೊಬ್ಬ ಕಿಂಡಿಯ ಮುಂದೆ ನಿಂತು ಪಹಣಿ ಕೇಳಿದರೆ ಒಳಗಿನಿಂದ ಎತ್ತಿಕೊಡುವುದು ಡೇಟಾಬೇಸೇ. ಗ್ರಂಥಾಲಯದಲ್ಲಿ ಕಾರಂತರ ಯಾವ ಕಾದಂಬರಿ ಯಾವ ಕಪಾಟಿನಲ್ಲಿದೆ ಎಂದು ಹೇಳುವುದೂ ಅದೇ. ನಮ್ಮ ಆಸ್ತಿಯೂ ನಮ್ಮ ಅಕ್ಷರವೂ ಅದರ ಹೊಟ್ಟೆಯಲ್ಲಿರುವಾಗ ಅದರ ಆರೋಗ್ಯವನ್ನು ವಿಚಾರಿಸುವುದರಲ್ಲಿ ತಪ್ಪೇನಿಲ್ಲ.

ಇಂಥ ಡೇಟಾಬೇಸುಗಳಲ್ಲಿ ಕೆಲವು ಬೆಲೆ ಕೊಟ್ಟು ಕೊಳ್ಳುವಂಥವು, ಕೆಲವು ಮುಕ್ತವಾದವು. ಮುಕ್ತವಾದವುಗಳಲ್ಲಿ ಹೆಸರಾದವು ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ. ಮೊದಲನೆಯದರ ಹೆಸರು ನಾಲಗೆಗೆ ಕಷ್ಟ. ಬಳಸುವವರೇ ಅದನ್ನು ಪೋಸ್ಟ್‌ಗ್ರೆಸ್ ಎಂದು ಮೊಟಕು ಮಾಡಿಕೊಂಡಿದ್ದಾರೆ. ಸರ್ಕಾರದ ಕೆಲಸಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ಗ್ರಂಥಾಲಯಗಳಿಗೆಂದು ರೂಪಿಸಿದ ‘ಇ-ಗ್ರಂಥಾಲಯ’ ತಂತ್ರಾಂಶವೂ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಪೋಸ್ಟ್‌ಗ್ರೆಸ್ಸಿನ ಮೇಲೆ ನಿಂತಿದೆ. ಹೀಗಾಗಿ ಇದು ಅಮೆರಿಕದ ಸುದ್ದಿಯಾಗಿ ಉಳಿದಿಲ್ಲ. ಹಾವೇರಿ ಜಿಲ್ಲೆಯ ಕಾಲೇಜಿನ ಮೇಜಿನ ಮೇಲಿನ ಸುದ್ದಿ.

ಈಗ ಆವೃತ್ತಿಯ ಸಂಖ್ಯೆಯನ್ನು ನೋಡೋಣ. 9.6.24 ಎಂದು ಒಂದು ಸಂಖ್ಯೆ ಬರೆದಿದ್ದಾರೆ ಎನ್ನಿ. ಇದು ದಶಾಂಶವಲ್ಲ. ಪೋಸ್ಟ್‌ಗ್ರೆಸ್ಸಿನ ಹಳೆಯ ಪದ್ಧತಿಯಲ್ಲಿ ಮೊದಲ ಎರಡು ಅಂಕಗಳು ಸೇರಿ ಹಿರಿಯ ಆವೃತ್ತಿ, ಕೊನೆಯದು ಕಿರಿಯ ಆವೃತ್ತಿ. ಕಿರಿಯದೆಂದರೆ ಮುದ್ರಣದೋಷಗಳನ್ನು ತಿದ್ದಿದ ಮರುಮುದ್ರಣದಂತೆ: ಪುಟಸಂಖ್ಯೆ ಬದಲಾಗುವುದಿಲ್ಲ, ಹೊಸ ಅಧ್ಯಾಯ ಸೇರುವುದಿಲ್ಲ, ಹಳೆಯ ಪ್ರತಿಯ ಜಾಗದಲ್ಲಿ ಹೊಸದನ್ನಿಟ್ಟರೆ ಮುಗಿಯಿತು. ಹಿರಿಯದೆಂದರೆ ಪರಿಷ್ಕೃತ ಆವೃತ್ತಿ: ಒಳಗಿನ ಜೋಡಣೆಯೇ ಬೇರೆ. 9.5ರಲ್ಲಿ ಬರೆದಿಟ್ಟ ಮಾಹಿತಿಯನ್ನು 9.6 ನೇರವಾಗಿ ಓದಲಾರದು. ಎಲ್ಲವನ್ನೂ ಹೊರತೆಗೆದು ಹೊಸದರಲ್ಲಿ ತುಂಬಬೇಕು, ಇಲ್ಲವೆ ಅದಕ್ಕಾಗಿಯೇ ಮಾಡಿದ ಸಲಕರಣೆಯಿಂದ ಮಾರ್ಪಡಿಸಬೇಕು. 9.5 ಮತ್ತು 9.6ರ ಅಂತರ ಸಾಮಾನ್ಯನ ಕಣ್ಣಿಗೆ ಕೂದಲೆಳೆಯಷ್ಟು. ನಿಜದಲ್ಲಿ ಮನೆ ಬದಲಿಸಿದಷ್ಟು. ಈ ಗೊಂದಲ ಬೇಡವೆಂದು 2017ರಿಂದ ಪದ್ಧತಿಯನ್ನೇ ಬದಲಿಸಿ 10, 11, 12 ಎಂದು ಒಂದೇ ಅಂಕವನ್ನು ಹಿರಿಯ ಆವೃತ್ತಿಗೆ ಕೊಟ್ಟರು. 10.1 ಎಂದರೆ ಹತ್ತನೆಯದರ ಮೊದಲ ತಿದ್ದುಪಡಿ. ಬರಿಯ ಮರುಮುದ್ರಣವನ್ನು ‘ಎರಡನೆಯ ಆವೃತ್ತಿ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕುವ ನಮ್ಮ ಕೆಲವು ಪ್ರಕಾಶಕರು ಈ ಶಿಸ್ತನ್ನು ಗಮನಿಸಿದರೆ ಗ್ರಂಥಸೂಚಿ ಮಾಡುವವರ ಶಾಪ ತಪ್ಪೀತು.

ಮೈಎಸ್‌ಕ್ಯೂಎಲ್ ಬಳಗದ ಎಣಿಕೆ ಇಷ್ಟು ಸರಳವಲ್ಲ. 2015ರಲ್ಲಿ 5.7 ಬಂದಿತು, ಅದರ ಬೆನ್ನಿಗೆ, 2018ರಲ್ಲಿ, ಬಂದದ್ದು 8.0. ಆರು ಎಲ್ಲಿ, ಏಳು ಎಲ್ಲಿ ಎಂದು ಹುಡುಕಬೇಡಿ; ಆರನ್ನು ಮೊದಲು ಮಾಡಿ ನಡುವೆ ಕೈಬಿಟ್ಟಿದ್ದರು, ಏಳನ್ನು ಅದರ ಬೇರೊಂದು ಕವಲು ಬಳಸಿಕೊಂಡಿತ್ತು. ಮೇಲಾಗಿ 8.0ರ ಕಿರಿಯ ತಿದ್ದುಪಡಿಗಳಲ್ಲಿಯೇ ಹೊಸ ಸೌಲಭ್ಯಗಳನ್ನೂ ಸೇರಿಸುತ್ತ ಹೋದರು. ಅಂದರೆ ಮರುಮುದ್ರಣವೆಂದು ಕೊಂಡ ಪುಸ್ತಕದಲ್ಲಿ ಹೊಸ ಅಧ್ಯಾಯ ಕಾಣಿಸಿಕೊಂಡಂತೆ. 2023ರಲ್ಲಿ ಇದನ್ನು ಸರಿಪಡಿಸಿ, ಹೊಸತನದ ಆವೃತ್ತಿಗಳು ಬೇರೆ, ದೀರ್ಘಕಾಲ ಬಾಳುವ ಆವೃತ್ತಿಗಳು ಬೇರೆ ಎಂದು ಎರಡು ಸಾಲು ಮಾಡಿದರು. 2024ರ 8.4 ಎರಡನೆಯ ಬಗೆಯದು.

ಆಯುಷ್ಯದ ವಿಚಾರಕ್ಕೆ ಬರುತ್ತೇನೆ. ಪೋಸ್ಟ್‌ಗ್ರೆಸ್ಸಿನ ಹಿರಿಯ ಆವೃತ್ತಿ ವರ್ಷಕ್ಕೊಂದರಂತೆ ಹುಟ್ಟುತ್ತದೆ. ಪ್ರತಿಯೊಂದಕ್ಕೂ ಐದು ವರ್ಷ ಆರೈಕೆ. 9.6 ಹುಟ್ಟಿದ್ದು 2016ರ ಸೆಪ್ಟೆಂಬರಿನಲ್ಲಿ. ಅದರ ಕೊನೆಯ ತಿದ್ದುಪಡಿ, ಅಂದರೆ ಆಗ ಹೇಳಿದ 9.6.24, ಬಂದದ್ದು 2021ರ ನವೆಂಬರಿನಲ್ಲಿ. 2020ರಲ್ಲಿ ಹುಟ್ಟಿದ 13ನೆಯದು 2025ರ ನವೆಂಬರಿನಲ್ಲಿ ಮುಗಿಯಿತು. 14ನೆಯದಕ್ಕೆ 2026ರ ನವೆಂಬರ್ ಎಂದು ಮೊದಲೇ ಬರೆದಿಟ್ಟಿದ್ದಾರೆ. ಮೈಎಸ್‌ಕ್ಯೂಎಲ್ಲಿಗೆ ಒಟ್ಟು ಎಂಟು ವರ್ಷ: 5.7ಕ್ಕೆ 2023ರ ಅಕ್ಟೋಬರ್, 8.0ಕ್ಕೆ 2026ರ ಏಪ್ರಿಲ್.

ಐದೇ ವರ್ಷ ಏಕೆ, ಐವತ್ತು ಏಕಲ್ಲ? ಕಾರಣ ಜಿಪುಣತನವಲ್ಲ. ಹೊಸ ಆವೃತ್ತಿಯಲ್ಲಿ ಒಂದು ದೋಷ ಸಿಕ್ಕಿತೆನ್ನಿ. ಅದು ಹಿಂದಿನವುಗಳಲ್ಲಿಯೂ ಇರುವ ಸಂಭವ ಹೆಚ್ಚು. ಹಾಗಿದ್ದರೆ ತಿದ್ದುಪಡಿಯನ್ನು ಬದುಕಿರುವ ಒಂದೊಂದು ಆವೃತ್ತಿಗೂ ಹೊಂದಿಸಿ, ಒಂದೊಂದನ್ನೂ ಪರೀಕ್ಷಿಸಿ ಕೊಡಬೇಕು. ಐದು ಆವೃತ್ತಿ ಬದುಕಿದ್ದರೆ ಐದು ಸಲ. ಹಳೆಯದಾದಷ್ಟೂ ಒಳಗಿನ ರಚನೆ ದೂರ ಸರಿದಿರುವುದರಿಂದ ಹೊಂದಿಸುವ ಕೆಲಸ ಕಠಿಣವಾಗುತ್ತದೆ; ಹಳಗನ್ನಡದ ಪಾಠವನ್ನು ಹೊಸಗನ್ನಡದ ವ್ಯಾಕರಣ ಇಟ್ಟುಕೊಂಡು ತಿದ್ದಲು ಹೊರಟಂತೆ. ಆ ಕೆಲಸ ಮಾಡುವವರು ಕೆಲವೇ ಮಂದಿ, ಲೋಕದ ನಾನಾ ಕಡೆ ಹರಡಿರುವವರು, ಅವರಲ್ಲಿ ನಮ್ಮ ಬೆಂಗಳೂರಿನವರೂ ಉಂಟು. ಅವರ ಬೆನ್ನಿನ ಮೇಲೆ ಎಷ್ಟು ಹೊರಿಸಬಹುದು ಎಂಬ ಲೆಕ್ಕದಿಂದ ಹುಟ್ಟಿದ್ದು ಈ ಐದು.

ಗಡುವು ಮುಗಿದ ಮರುದಿನ ಏನಾಗುತ್ತದೆ? ಮೇಲುನೋಟಕ್ಕೆ ಏನೂ ಆಗುವುದಿಲ್ಲ. ಯಂತ್ರ ನಿನ್ನೆಯಂತೆಯೇ ಓಡುತ್ತದೆ, ಸಾಲು ಕೇಳಿದರೆ ಸಾಲು ಕೊಡುತ್ತದೆ. ಅಪಾಯವಿರುವುದು ಈ ಶಾಂತಿಯಲ್ಲಿಯೇ. ಮುಕ್ತ ತಂತ್ರಾಂಶದಲ್ಲಿ ದೋಷವನ್ನು ತಿದ್ದಿದರೆ ತಿದ್ದಿದ್ದು ಎಲ್ಲರಿಗೂ ಕಾಣುತ್ತದೆ. ಊರಿನ ಒಂದು ಬಗೆಯ ಬೀಗವನ್ನು ಇಂಥ ಕಡ್ಡಿಯಿಂದ ತೆಗೆಯಬಹುದೆಂದು ಗೊತ್ತಾಗಿ, ಬೀಗ ಮಾಡುವವನು ಹೊಸ ಗಿರಾಕಿಗಳ ಬೀಗವನ್ನೆಲ್ಲ ರಿಪೇರಿ ಮಾಡಿಕೊಟ್ಟನೆನ್ನಿ. ಆ ರಿಪೇರಿಯ ಸುದ್ದಿಯೇ ಹಳೆಯ ಬೀಗದ ಮನೆಗಳು ಯಾವುವೆಂದು ಕಳ್ಳನಿಗೆ ಹೇಳಿಕೊಡುತ್ತದೆ. ಇದು ಮೊದಲನೆಯ ಅಪಾಯ. ಎರಡನೆಯದು ಮೆಲ್ಲಗೆ ಬರುವಂಥದು, ಸಣ್ಣ ಊರುಗಳಲ್ಲಿ ನಾನು ಕಂಡಿರುವುದು ಹೆಚ್ಚಾಗಿ ಅದನ್ನೇ.

ಒಂದು ಗ್ರಂಥಾಲಯದ ಸಂಗತಿ ಹೇಳುತ್ತೇನೆ. ಊರು, ಸಂಸ್ಥೆ ಯಾವುದೆಂಬುದು ಬೇಡ. ನಿವೃತ್ತಿಯ ಬಳಿಕ ಅಲ್ಲಿಯ ಸಮಿತಿಯವರು ನನ್ನನ್ನು ಸಲಹೆಗೆಂದು ಕರೆದಿದ್ದರು. 2010ರ ಸುಮಾರಿಗೆ ಉತ್ಸಾಹಿ ತರುಣನೊಬ್ಬ ಅಲ್ಲಿಯ ಕನ್ನಡ ಪುಸ್ತಕಗಳ ಸೂಚಿಯನ್ನು ಆ ಕಾಲದ ಒಂದು ಮುಕ್ತ ಡೇಟಾಬೇಸಿಗೆ ಏರಿಸಿಕೊಟ್ಟಿದ್ದ. ಆಮೇಲೆ ಅವನು ಕೆಲಸ ಸಿಕ್ಕಿ ಪುಣೆಗೆ ಹೋದ. ಹತ್ತಾರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ಮಾತ್ರ ತೊಡಕು ಎದುರಾಯಿತು. ಹೊಸ ಯಂತ್ರ ಆ ಹಳೆಯ ಆವೃತ್ತಿಯನ್ನು ಒಲ್ಲದು. ಹೊಸ ಆವೃತ್ತಿ ಹಳೆಯ ಮಾಹಿತಿಯನ್ನು ನೇರವಾಗಿ ತೆಗೆದುಕೊಳ್ಳದು. ನಡುವಿನ ಒಂದೊಂದು ಆವೃತ್ತಿಯನ್ನೂ ಮೆಟ್ಟಿಲಾಗಿ ಹತ್ತಿ ಬರಬೇಕು, ಆ ಮೆಟ್ಟಿಲುಗಳೆಲ್ಲ ಆಗಲೇ ಆರೈಕೆ ತಪ್ಪಿದವು.

ಹೇಗೋ ಹೊರತೆಗೆದರು. ತೆಗೆದು ನೋಡಿದರೆ ಕನ್ನಡವಿಲ್ಲ! ಕನ್ನಡದ ಒಂದೊಂದು ಚಿಹ್ನೆಯನ್ನೂ ಕಂಪ್ಯೂಟರು ಮೂರು ಘಟಕಗಳಲ್ಲಿ ಬರೆದುಕೊಳ್ಳುತ್ತದೆ. ಆ ಹಳೆಯ ಆವೃತ್ತಿಗೆ ಬೇರೆ ಅಪ್ಪಣೆ ಕೊಡದಿದ್ದರೆ ಅದು ಎಲ್ಲವನ್ನೂ ಪಶ್ಚಿಮ ಯುರೋಪಿನ ಲಿಪಿಯೆಂದೇ ಭಾವಿಸುತ್ತಿತ್ತು. ಬರೆದವನೂ ಓದುವವನೂ ಅದೇ ಭ್ರಮೆಯಲ್ಲಿದ್ದಷ್ಟು ಕಾಲ ತೊಂದರೆಯಿಲ್ಲ, ತೆರೆಯ ಮೇಲೆ ಕನ್ನಡವೇ ಕಾಣುತ್ತಿತ್ತು. ಹೊಸ ಆವೃತ್ತಿ ಭ್ರಮೆಯನ್ನು ಹರಿಯಿತು. ‘ಬೇಂದ್ರೆ’ ಎಂಬಲ್ಲಿ ಏಳು ಚಿಹ್ನೆಗಳಿವೆ. ಅದು ಇಪ್ಪತ್ತೊಂದು ಅರ್ಥಹೀನ ರೋಮನ್ ಗುರುತುಗಳ ಸಾಲಾಗಿ ಮುಂದೆ ನಿಂತಿತು. ಇದಕ್ಕೆ ಮದ್ದಿತ್ತು. ಘಟಕಗಳು ಹಾಳಾಗಿರಲಿಲ್ಲ, ಓದುವ ಬಗೆ ತಪ್ಪಾಗಿತ್ತಷ್ಟೆ. ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ಎರಡು ದಿನ ಕುಳಿತು ತಿರುಗಿಸಿಕೊಟ್ಟ.

ಮದ್ದಿಲ್ಲದ ಗಾಯ ಬೇರೊಂದಿತ್ತು. ಹೆಸರಿನ ಅಂಕಣಕ್ಕೆ ಐವತ್ತು ಅಕ್ಷರಗಳ ಅಗಲ ಕೊಟ್ಟಿದ್ದರು. ಮೂರಕ್ಕೆ ಒಂದರ ಲೆಕ್ಕದಲ್ಲಿ ಅದು ಕನ್ನಡದ ಹದಿನಾರು ಚಿಹ್ನೆಗಳಿಗೆ ಮಾತ್ರ ಸಾಲುತ್ತದೆ. ‘ಶ್ರೀ ರಾಮಾಯಣ ದರ್ಶನಂ’ ಎಂಬುದು ಎರಡು ತೆರಪುಗಳೂ ಸೇರಿ ಸರಿಯಾಗಿ ಐವತ್ತು, ಕುವೆಂಪು ಪಾರಾದರು. ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಐವತ್ತೊಂಬತ್ತು; ಅದು ‘ಕನ್ನಡ ಸಾಹಿತ್ಯ ಚರಿತ’ ಎಂದು ತುಂಡಾಗಿ ಕುಳಿತಿತ್ತು. ಅದಕ್ಕಿಂತ ಉದ್ದದ ಹೆಸರುಗಳ ಪಾಡನ್ನು ಕೇಳಬೇಡಿ. ಹಳೆಯ ಆವೃತ್ತಿ ಸಾಲದ ಬಾಲವನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ನಂತರದ ಆವೃತ್ತಿಗಳು ಹಾಗೆ ಮಾಡದೆ, ಇದು ಹಿಡಿಸುವುದಿಲ್ಲವೆಂದು ಹೇಳಿ ನಿಂತುಬಿಡುತ್ತವೆ. ಕಾಲಕಾಲಕ್ಕೆ ಆವೃತ್ತಿ ಬದಲಿಸಿದ್ದರೆ ಮೂರನೆಯ ವರ್ಷವೋ ಐದನೆಯ ವರ್ಷವೋ ಈ ದೋಷ ಬಯಲಾಗುತ್ತಿತ್ತು. ಹಳೆಯ ಅಕ್ಸೆಶನ್ ರಿಜಿಸ್ಟರನ್ನು ಗ್ರಂಥಪಾಲಕರು ರದ್ದಿಗೆ ಹಾಕಿರಲಿಲ್ಲವಾದ್ದರಿಂದ ಬಾಲಗಳನ್ನೆಲ್ಲ ಕೈಯಿಂದ ಮತ್ತೆ ಬರೆದು ಜೋಡಿಸುವುದು ಸಾಧ್ಯವಾಯಿತು. ಬೇಸಿಗೆಯ ರಜೆಯೆಲ್ಲ ಅದಕ್ಕೆ ಹೋಯಿತು.

ತಾಳೆಗರಿಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಗರಿ ಮುರಿಯುವ ಮೊದಲು, ಆ ಲಿಪಿಯನ್ನು ಓದಬಲ್ಲವನು ಬದುಕಿರುವಾಗ, ಪ್ರತಿ ಮಾಡಿಕೊಳ್ಳಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂದು ಓದಿ ನಾವು ಅವಳ ದಾನಗುಣವನ್ನು ಹೊಗಳುತ್ತೇವೆ. ಕಾವ್ಯವೊಂದರ ಆಯುಷ್ಯವನ್ನು ಅವಳು ಎಷ್ಟು ಚೆನ್ನಾಗಿ ಅರಿತಿದ್ದಳೆಂಬುದನ್ನೂ ಹೊಗಳಬೇಕು. ಹೊಸ ಆವೃತ್ತಿಗೆ ಸಾಗಿಸುವ ಕೆಲಸ ಪ್ರತಿ ಮಾಡುವ ಕೆಲಸವೇ. ಅದಕ್ಕೆ ಹಣ ಬೇಕು, ದಿನ ಬೇಕು, ಬಲ್ಲವನೊಬ್ಬ ಬೇಕು. ಡೇಟಾಬೇಸ್ ಪುಕ್ಕಟೆ ಸಿಗುತ್ತದೆಂದು ಸಂಭ್ರಮಿಸುವ ಸಂಸ್ಥೆಗಳ ಬಜೆಟ್ಟಿನಲ್ಲಿ ಈ ಬಾಬಿಗೆ ಒಂದು ಸಾಲೂ ಇರುವುದಿಲ್ಲ.

ಪ್ರತಿ ಮಾಡುವಾಗ ಪಾಠ ಕೆಡುವುದೂ ಉಂಟು. ಅಕಾರಾದಿಯನ್ನೇ ನೋಡಿ. ‘ಕ್ಷಮೆ’ ಎಂಬ ಮಾತನ್ನು ನಿಘಂಟಿನಲ್ಲಿ ಕಕಾರದಲ್ಲಿ ಹುಡುಕುತ್ತೇವೆ. ಕ್ಷ, ಜ್ಞಗಳನ್ನು ವರ್ಣಮಾಲೆಯ ಕೊನೆಯಲ್ಲಿ ಕಲಿತ ಮಗು ಅಲ್ಲಿ ಹುಡುಕುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಬಹುಕಾಲ ತಾನೇ ಇಟ್ಟುಕೊಳ್ಳದೆ, ತನ್ನ ಕೆಳಗಿರುವ ಲಿನಕ್ಸ್ ವ್ಯವಸ್ಥೆಯ ಒಂದು ಭಾಗವಾದ ಜಿಲಿಬ್‌ಸಿಯಿಂದ ಕೇಳಿ ತಿಳಿಯುತ್ತಿತ್ತು. 2018ರ ಆಗಸ್ಟಿನಲ್ಲಿ ಜಿಲಿಬ್‌ಸಿಯ 2.28ನೆಯ ಆವೃತ್ತಿ ಆ ನಿಯಮಗಳನ್ನು ಹೊಸದಾಗಿ ಬರೆಯಿತು. ಡೇಟಾಬೇಸಿನ ಆವೃತ್ತಿ ಬದಲಾಗಿಲ್ಲ, ಮಾಹಿತಿ ಬದಲಾಗಿಲ್ಲ. ನೆಲ ಮಾತ್ರ ಜರುಗಿದೆ. ಹಳೆಯ ಕ್ರಮದಲ್ಲಿ ಜೋಡಿಸಿದ ಸೂಚಿಯನ್ನು ಹೊಸ ಕ್ರಮದಿಂದ ಹುಡುಕಿದರೆ ಇರುವ ಹೆಸರೂ ಇಲ್ಲವೆಂದು ಉತ್ತರ ಬರಬಹುದು. ಸೂಚಿಗಳನ್ನೆಲ್ಲ ಮತ್ತೆ ಕಟ್ಟುವುದೊಂದೇ ಪರಿಹಾರ. ಮುಂದೆ 2024ರ 17ನೆಯ ಆವೃತ್ತಿಯಲ್ಲಿ ಪೋಸ್ಟ್‌ಗ್ರೆಸ್ ಹೊರಗಿನವರನ್ನು ಕೇಳದ ತನ್ನದೇ ಒಂದು ಕ್ರಮವನ್ನೂ ಇರಿಸಿಕೊಂಡಿತು. ಒಂದರ ಆಯುಷ್ಯ ಅದು ನಿಂತ ನೆಲದ ಆಯುಷ್ಯಕ್ಕೂ ಕಟ್ಟುಬಿದ್ದಿರುತ್ತದೆ ಎಂಬುದು ಕ್ಯಾಲೆಂಡರ್ ನೋಡಿಕೊಂಡು ಕೂರುವವರಿಗೆ ತಿಳಿಯುವುದಿಲ್ಲ.

ಇನ್ನು, ಹೇಳಿದ ಮಾತನ್ನು ನಡೆಸುವವರು ಯಾರು? ಇಲ್ಲಿ ನಾನೀಗ ನೆಲೆಸಿರುವ ಬಂಕಾಪುರದ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಜಿನಸೇನಾಚಾರ್ಯರು ಮಹಾಪುರಾಣವನ್ನು ಆರಂಭಿಸಿ ಆದಿಪುರಾಣದ 42 ಪರ್ವಗಳನ್ನು ಮುಗಿಸುವಷ್ಟರಲ್ಲಿ ತೀರಿಕೊಂಡರು. ಶಿಷ್ಯ ಗುಣಭದ್ರರು ಉಳಿದ ಭಾಗವನ್ನೂ ಉತ್ತರಪುರಾಣವನ್ನೂ ಬರೆದು ಪೂರೈಸಿದರು. ಶಕ 820ರಲ್ಲಿ, ಎಂದರೆ ಕ್ರಿ.ಶ. 898ರ ಹೊತ್ತಿಗೆ, ಆ ಗ್ರಂಥಕ್ಕೆ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಬರೆದವನು ಹೋದರೂ ಪಾಠ ತೆರೆದಿದ್ದುದರಿಂದ ಕೃತಿ ಮುಂದುವರಿಯಿತು.

ಮೈಎಸ್‌ಕ್ಯೂಎಲ್ಲಿನ ಚರಿತ್ರೆಯಲ್ಲಿ ಇಂಥದೇ ಒಂದು ಪ್ರಕರಣವಿದೆ. 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಅದಕ್ಕೆ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೆನಿಯಸ್ ತಮ್ಮ ಮಗಳು ‘ಮೈ’ಯ ಹೆಸರಿಟ್ಟರು. 2008ರಲ್ಲಿ ಸನ್ ಕಂಪನಿ ಅದನ್ನು ಕೊಂಡಿತು. 2010ರಲ್ಲಿ ಸನ್ ಕಂಪನಿಯನ್ನೇ ಆರಕಲ್ ಕೊಂಡಿತು. ಆರಕಲ್ ಬೆಲೆಯ ಡೇಟಾಬೇಸು ಮಾರುವ ಸಂಸ್ಥೆ. ಮುಕ್ತವಾದುದರ ಗತಿ ಏನಾದೀತೆಂಬ ಆತಂಕದಿಂದ ವಿಡೆನಿಯಸ್ 2009ರಲ್ಲಿಯೇ ಅದೇ ಮೂಲಪಾಠದಿಂದ ಬೇರೊಂದು ಕವಲು ತೆಗೆದು, ಕಿರಿಯ ಮಗಳು ಮರಿಯಾಳ ಹೆಸರಿನಿಂದ ಮರಿಯಾಡಿಬಿ ಎಂದು ಕರೆದರು. ಅನುಮತಿ ಕೇಳಬೇಕಾಗಿರಲಿಲ್ಲ, ಲೈಸೆನ್ಸೇ ಅದಕ್ಕೆ ಅವಕಾಶ ಕೊಟ್ಟಿತ್ತು. 2013ರಲ್ಲಿ ವಿಕಿಪೀಡಿಯದವರು ಮೈಎಸ್‌ಕ್ಯೂಎಲ್ಲಿನಿಂದ ಮರಿಯಾಡಿಬಿಗೆ ಸಾಗಿದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳೂ ಇಂದು ಇರುವುದು ಆ ಕಿರಿಯ ಮಗಳ ಮನೆಯಲ್ಲಿ. ಮೈಎಸ್‌ಕ್ಯೂಎಲ್ ನಿಂತುಹೋಗಲಿಲ್ಲ ಎಂಬುದನ್ನೂ ಹೇಳಬೇಕು, ಆತಂಕಪಟ್ಟಷ್ಟು ಕೆಡುಕಾಗಲಿಲ್ಲ.

ಸಾರಿದ ಗಡುವನ್ನು ಮುರಿದ ನಿದರ್ಶನಗಳೂ ಇವೆ. ಸೆಂಟ್‌ಓಎಸ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯ ಎಂಟನೆಯ ಆವೃತ್ತಿಗೆ 2029ರವರೆಗೆ ಆರೈಕೆಯೆಂದು ನಂಬಿ ಎಷ್ಟೋ ಸಂಸ್ಥೆಗಳು ತಮ್ಮ ಡೇಟಾಬೇಸುಗಳನ್ನು ಅದರ ಮೇಲೆ ಕೂರಿಸಿದ್ದವು. 2020ರ ಡಿಸೆಂಬರಿನಲ್ಲಿ ಆ ಗಡುವನ್ನು 2021ರ ಕೊನೆಗೆ ಎಳೆದರು. ಪೋಸ್ಟ್‌ಗ್ರೆಸ್ ಬಳಗ ಅಂಥದನ್ನು ಮಾಡಿಲ್ಲ. ಅದಕ್ಕೆ ಒಬ್ಬನೇ ಯಜಮಾನನಿಲ್ಲದಿರುವುದೇ ಕಾರಣವೆಂದು ನನ್ನ ಊಹೆ.

ಗ್ರಂಥಾಲಯಗಳಿಗೆಂದು ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ‘ಕೊಹ’ ಎಂಬ ಮುಕ್ತ ತಂತ್ರಾಂಶ ನಮ್ಮ ಎಷ್ಟೋ ವಿದ್ಯಾಲಯಗಳಲ್ಲಿದೆ. ಅದು ಕೂರುವುದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿಯ ಮೇಲೆ. 2016ರಿಂದ ಅದರ ಆವೃತ್ತಿಗೆ ವರ್ಷ, ತಿಂಗಳುಗಳೇ ಸಂಖ್ಯೆ: 16.05 ಎಂದರೆ 2016ರ ಮೇ. ಎಷ್ಟು ಹಳೆಯದೆಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಖ್ಯೆಗಳಲ್ಲೆಲ್ಲ ನನಗೆ ಹಿಡಿಸಿದ್ದು ಇದು. ಮಾವೋರಿ ಭಾಷೆಯಲ್ಲಿ ಕೊಹ ಎಂದರೆ ಕಾಣಿಕೆ, ಆದರೆ ಮರಳಿ ಕೊಡಬೇಕೆಂಬ ಭಾವ ಹೊತ್ತ ಕಾಣಿಕೆ. ನಮ್ಮಲ್ಲಿ ಅದಕ್ಕೆ ಮುಯ್ಯಿ ಎಂಬ ಚೆಲುವಾದ ಮಾತಿದೆ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ, ಏಕೆಂದರೆ ಅದು ತೀರಿಸಬೇಕಾದದ್ದು.

ಆ ಗ್ರಂಥಾಲಯದಲ್ಲಿ ಈಗ ಹೀಗೊಂದು ಪುಸ್ತಕ ಇಟ್ಟಿದ್ದಾರೆ. ಅಕ್ಸೆಶನ್ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಡೇಟಾಬೇಸಿನ ಹೆಸರು, ಹಿರಿಯ ಆವೃತ್ತಿ, ಅದರ ಕೊನೆಯ ದಿನ, ಕೆಳಗಿರುವ ವ್ಯವಸ್ಥೆಯ ಹೆಸರು ಮತ್ತು ಅದರ ಕೊನೆಯ ದಿನ, ಕಳೆದ ಸಲ ಪ್ರತಿ ತೆಗೆದ ದಿನ, ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದವರ ಸಹಿ. ಕೊನೆಯ ದಿನಕ್ಕೆ ಒಂದು ವರ್ಷ ಮೊದಲು ಸಮಿತಿಯ ಸಭೆಯಲ್ಲಿ ವಿಷಯ ಬರಬೇಕೆಂದು ಠರಾವು ಮಾಡಿದ್ದಾರೆ. ಸಹಿಯ ಅಂಕಣವನ್ನು ಸೇರಿಸಲು ಸ್ವಲ್ಪ ಜಗಳವಾಡಬೇಕಾಯಿತು. ತೆರೆದು ನೋಡದ ಪ್ರತಿ ಪ್ರತಿಯಲ್ಲವೆಂದು ಒಪ್ಪಿಸಲು ‘ಚರಿತ’ದ ಉದಾಹರಣೆ ನೆರವಿಗೆ ಬಂದಿತು.

ಎಲ್ಲವೂ ಐದು ವರ್ಷಕ್ಕೆ ಮುಗಿಯುವಂಥವಲ್ಲ. ತಮ್ಮ ಕಿಸೆಯ ಮೊಬೈಲಿನಲ್ಲಿ ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸ್ ಇದೆ. ಎಷ್ಟೋ ಸಂದೇಶಗಳೂ ದೂರವಾಣಿ ಸಂಖ್ಯೆಗಳೂ ಇರುವುದು ಅದರಲ್ಲಿಯೇ. ಅದನ್ನು 2000ದಲ್ಲಿ ಅಮೆರಿಕದ ರಿಚರ್ಡ್ ಹಿಪ್ ಬರೆದು ಯಾರ ಹಕ್ಕೂ ಇಲ್ಲದಂತೆ ಲೋಕಕ್ಕೆ ಬಿಟ್ಟುಕೊಟ್ಟರು. 2004ರಲ್ಲಿ ಬಂದ ಮೂರನೆಯ ಆವೃತ್ತಿಯ ಕಡತವನ್ನು ಇಂದಿನದೂ ಓದುತ್ತದೆ. ಮಾಹಿತಿಯನ್ನು ದೀರ್ಘಕಾಲ ಕಾಪಿಡಲು ತಕ್ಕ ರೂಪಗಳ ಪಟ್ಟಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸೇರಿಸಿದೆ. ಅದನ್ನು 2050ರವರೆಗೆ ಆರೈಕೆ ಮಾಡುವ ಸಂಕಲ್ಪ ತಮ್ಮದೆಂದು ಅದರ ಕರ್ತೃಗಳು ಹೇಳಿಕೊಂಡಿದ್ದಾರೆ. ಹಿಪ್ ಹುಟ್ಟಿದ್ದು 1961ರಲ್ಲಿ. ಆ ವರ್ಷ ಅವರಿಗೆ 89 ತುಂಬುತ್ತದೆ.